ರಘುನಂದನ ಭಟ್ಟರ ನಿಗ್ರಹ ಪರೀಕ್ಷೆ

ಪುರೋಹಿತನ ಮೂತ್ರವು ಪುರೋಹಿತನ ಖಾಸಗಿ ವಿಷಯವಲ್ಲವೆಂದು ಕಾಶಿಯ ಹನುಮಾನ್ ಘಾಟಿನ ನಮ್ಮ ಕನ್ನಡ ಪುರೋಹಿತರ ಸೇವಾ ಸಂಘವು ಸರ್ವಾನುಮತದಿಂದ ತೀರ್ಮಾನಿಸಿದೆ. ಸಂಘದ ಕಾರ್ಯದರ್ಶಿಯಾಗಿ ಆ ನಿರ್ಣಯವನ್ನು ಬರೆದವನು ನಾನೇ. ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳಿದರು.

ವಿಷಯ ಇಷ್ಟೇ. ಘಾಟಿನಲ್ಲಿ ಛತ್ರಿಯ ಕೆಳಗೆ ಮರದ ಚೌಕಿಯ ಮೇಲೆ ಕೂತು ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ರಘುನಂದನ ಭಟ್ಟರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಯಿತು. ಆಪರೇಷನ್ ಆಯಿತು. ಗಡ್ಡೆ ಹೋಯಿತು, ಭಟ್ಟರು ಉಳಿದರು. ಇಲ್ಲಿಯವರೆಗೆ ಸಂಘಕ್ಕೆ ಯಾವ ತಕರಾರೂ ಇರಲಿಲ್ಲ. ಆದರೆ ಮೂತ್ರದ ನಳಿಕೆ ತೆಗೆದ ಮೇಲೆ ಭಟ್ಟರು ಕೆಮ್ಮಿದರೆ ಸೋರಿತು, ಸೀನಿದರೆ ಸೋರಿತು, ಕೂತಲ್ಲಿಂದ ಎದ್ದರೂ ಸೋರಿತು. "ಪಂಡಿತ್‌ಜೀ, ಗಾಬರಿ ಬೇಡಿ, ಕೆಲವು ತಿಂಗಳು ಹಿಡಿಯುತ್ತೆ" ಎಂದು ಡಾಕ್ಟರು ಒಂದು ವ್ಯಾಯಾಮ ಹೇಳಿಕೊಟ್ಟರು. ಉಚ್ಚೆಯನ್ನು ಮಧ್ಯದಲ್ಲೇ ತಡೆದು ನಿಲ್ಲಿಸುವವರ ಹಾಗೆ ಕೆಳಗಿನ ಸ್ನಾಯು ಬಿಗಿ ಹಿಡಿಯಬೇಕು, ಬಿಡಬೇಕು, ಮತ್ತೆ ಹಿಡಿಯಬೇಕು. ಅದು ಪಳಗುವವರೆಗೆ ಡೈಪರ್.

"ರೀ, ಜೀವ ಉಳೀತಲ್ಲ, ನನಗಷ್ಟು ಸಾಕು. ಒದ್ದೆಯಾದ್ರೆ ಒಗೆದ್ರಾಯ್ತು" ಎಂದರು ಅವರ ಹೆಂಡತಿ ಅನಂತಲಕ್ಷ್ಮಿ.

"ನಿನಗೆ ಸಾಕು ಕಣೇ. ಹರಿಶ್ಚಂದ್ರ ಘಾಟಿನ ಚಿತೆಗೆ ಹೋಗಬೇಕಾದವನು ತಿರುಗಿ ಬಂದೆ. ಬಂದು ಚೌಕಿಗೇ ಹೋಗಕ್ಕಾಗದಿದ್ರೆ ಮನೇಲಿ ಕೂತು ಏನು ಮಾಡ್ಲಿ, ಮಂತ್ರಾನ ಗೋಡೆಗೆ ಹೇಳ್ಲಾ?" ಎಂದರಂತೆ ಭಟ್ಟರು. ಅಳಲಿಲ್ಲ. ಅತ್ತರೂ ಸೋರುವ ಕಾಲ ಅದು.

ಪಿತೃಪಕ್ಷದೊಳಗೆ ಅವರು ಮರಳದಿದ್ದರೆ ಆ ಚೌಕಿಯನ್ನು ತಮ್ಮ ಅಳಿಯ ಸುಜಯನಿಗೆ ಕೊಡುವುದೆಂದು ಅಧ್ಯಕ್ಷರಾದ ವಿಶ್ವನಾಥ ಶಾಸ್ತ್ರಿಗಳು ಘೋಷಿಸಿದರು. ಇದರಲ್ಲಿ ಸ್ವಜನಪಕ್ಷಪಾತವೇನೂ ಇಲ್ಲ. ಸುಜಯ ಖಾಲಿ ಇದ್ದ, ಅಷ್ಟೆ. ಶ್ರಾದ್ಧದ ಮಂತ್ರ ಅವನಿಗೆ ಅರ್ಧ ಬರುತ್ತದೆ. ಉಳಿದದ್ದನ್ನು ಫೋನಿನಲ್ಲಿ ನೋಡಿಕೊಳ್ಳುತ್ತಾನೆ.

"ಡೈಪರ್ ಹಾಕ್ಕೊಂಡೇ ಕೂರ್ತೀನಿ" ಎಂದರು ಭಟ್ಟರು.

ಮಡಿಯಲ್ಲಿ ಹೊಲಿದ ಬಟ್ಟೆ ಕೂಡದು. ಆದ್ದರಿಂದ ಡೈಪರ್ ಹೊಲಿದದ್ದೋ ಅಲ್ಲವೋ ಎಂಬ ಬಗ್ಗೆ ಉಪಸಮಿತಿ ರಚನೆಯಾಯಿತು. ಗೋದೌಲಿಯಾ ಪೇಟೆಯಿಂದ ಹೊಸದೊಂದನ್ನು ತರಿಸಿ, ಬಾಳೆಲೆಯ ಮೇಲಿಟ್ಟು, ಭೂತಗನ್ನಡಿಯಲ್ಲಿ ಪರಿಶೀಲಿಸಲಾಯಿತು. ಎಲ್ಲಿ ಹುಡುಕಿದರೂ ಒಂದು ಹೊಲಿಗೆ ಸಿಗಲಿಲ್ಲ. ಪೂರಾ ಅಂಟು. ಅಂಟಿನ ವಿಷಯದಲ್ಲಿ ಶಾಸ್ತ್ರ ಮೌನವಾಗಿದೆ. ಹಾಗಾಗಿ ಡೈಪರು ಮಡಿಯೆಂದೂ, ಒದ್ದೆಯಾದ ಡೈಪರು ಮೈಲಿಗೆಯೆಂದೂ ಉಪಸಮಿತಿ ವರದಿ ಕೊಟ್ಟಿತು. ಭಟ್ಟರು ಒಣಗಿರಬಲ್ಲರೇ ಎಂಬುದಷ್ಟೇ ಉಳಿಯಿತು. ಅದಕ್ಕಾಗಿ ಈ ಪ್ರಕಟಣೆ ಹೊರಡಿಸಿದೆವು:

"ಪರೀಕ್ಷಾರ್ಥಿಯು ಎರಡು ಕುಲ್ಹಡ್ (ಮಣ್ಣಿನ ಲೋಟ) ಚಹಾ ಕುಡಿದು, ಒಂದು ಚಿಟಿಕೆ ನಶ್ಯ ಏರಿಸಿ, ಶ್ರಾದ್ಧದ ಮಂತ್ರಗಳನ್ನು ಆದಿಯಿಂದ ಅಂತ್ಯದವರೆಗೆ ಕೂತಲ್ಲೇ ಹೇಳತಕ್ಕದ್ದು. ಪಕ್ಷಪಾತದ ಆರೋಪ ಬಾರದಂತೆ ಪರೀಕ್ಷಕರೂ ಚಹಾ ಕುಡಿದು ಜೊತೆಗೆ ಕೂರತಕ್ಕದ್ದು. ನಡುವೆ ಎದ್ದವರು ಯಾರೇ ಆಗಲಿ, ಪೌರೋಹಿತ್ಯಕ್ಕೂ ಮತದಾನಕ್ಕೂ ಅನರ್ಹರು."

ಕೊನೆಯ ವಾಕ್ಯವನ್ನು ತೂಕ ಬರಲೆಂದು ನಾನು ಸೇರಿಸಿದೆ. ಯಾರೂ ಓದಿ ನೋಡಲಿಲ್ಲ. ಅಕ್ಷರ ನೋಡಿ ಸಹಿ ಹಾಕಿದರು.

ಅಷ್ಟು ತಿಂಗಳು ಭಟ್ಟರು ಸುಮ್ಮನಿರಲಿಲ್ಲ. ರಿಕ್ಷಾದಲ್ಲಿ ಕೂತು ಬಿಗಿ ಹಿಡಿದರು, ತರಕಾರಿ ಚೌಕಾಸಿ ಮಾಡುತ್ತಾ ಹಿಡಿದರು, ಶಾಸ್ತ್ರಿಗಳ ಅಧ್ಯಕ್ಷೀಯ ಭಾಷಣದುದ್ದಕ್ಕೂ ಹಿಡಿದೇ ಇದ್ದರು. ಮುಖ ನೋಡಿದರೆ ಭಾಷಣ ಕೇಳುತ್ತಿದ್ದಾರೆ ಎನ್ನಬೇಕು, ಹಾಗಿತ್ತು.

ಪರೀಕ್ಷೆಯ ಬೆಳಿಗ್ಗೆ ಪದಾಧಿಕಾರಿಗಳೆಲ್ಲ ಸಾಲಾಗಿ ಕೂತೆವು. ಭಟ್ಟರನ್ನು ಬಿಟ್ಟರೆ ನಮ್ಮ ಸಂಘದಲ್ಲಿ ಎಲ್ಲರೂ ಪದಾಧಿಕಾರಿಗಳೇ. ನಾವೆಲ್ಲ ಅರವತ್ತು ದಾಟಿದವರು. ಅದಕ್ಕಿಂತ ಚಿಕ್ಕವರನ್ನು ನಮ್ಮ ಸಂಘ ಗಂಭೀರವಾಗಿ ಪರಿಗಣಿಸುವುದಿಲ್ಲ. ಚಹಾ ಸಂಘದ ಖರ್ಚಿನದಾದ್ದರಿಂದ ಒಬ್ಬೊಬ್ಬರೂ ಮೂರು ಕುಲ್ಹಡ್ ಕುಡಿದೆವು. ಭಟ್ಟರು ನಿಯಮದಂತೆ ಎರಡೇ ಕುಡಿದು, ನಶ್ಯ ಏರಿಸಿ, ಭರ್ಜರಿಯಾಗಿ ಸೀನಿ, ಸಂಕಲ್ಪ ಶುರು ಮಾಡಿದರು.

ಪಿಂಡಪ್ರದಾನದ ಹೊತ್ತಿಗೆ ಶಾಸ್ತ್ರಿಗಳ ಮಂಡಿ ಕುಣಿಯತೊಡಗಿತು. "ಗಂಗೆಗೊಂದು ನಮಸ್ಕಾರ ಹಾಕಿ ಬಂದೆ" ಎಂದು ಎದ್ದರು. ಗಂಗೆ ಇರುವುದು ಪೂರ್ವಕ್ಕೆ. ಅವರು ಓಡಿದ್ದು ಪಶ್ಚಿಮದ ಗಲ್ಲಿಗೆ. ಅವರ ಆರೋಗ್ಯ ವಿಚಾರಿಸಲು ಖಜಾಂಚಿ ಓಡಿದರು. ಖಜಾಂಚಿಯನ್ನು ಕರೆತರಲು ಉಪಾಧ್ಯಕ್ಷರು ಓಡಿದರು. ನನಗೆ ಫೋನ್ ಬಂದದ್ದರಿಂದ ನಾನೂ ಏಳಬೇಕಾಯಿತು. ಫೋನು ಮನೆಯಲ್ಲಿತ್ತು.

ನಾವು ಹಗುರವಾಗಿ ಮರಳಿದಾಗ ಭಟ್ಟರು ಕೊನೆಯ ಮಂತ್ರ ಮುಗಿಸಿ ಇನ್ನೂ ಚೌಕಿಯ ಮೇಲೇ ಕೂತಿದ್ದರು. ಮೆಟ್ಟಿಲ ಮೇಲೆ ಅನಂತಲಕ್ಷ್ಮಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. ನಾವು ಓಡಿದ್ದು ನೋಡಿ ನಕ್ಕಾಗ ಎರಡು ಹನಿ ಹೋಯಿತೆಂದು ಭಟ್ಟರು ತಾವಾಗಿಯೇ ಹೇಳಿದರು. ಆ ಹೊತ್ತಿಗೆ ಸ್ಥಳದಲ್ಲಿ ಪರೀಕ್ಷಕರು ಯಾರೂ ಇಲ್ಲದ ಕಾರಣ ಅದನ್ನು ದಾಖಲಿಸಲು ಬರಲಿಲ್ಲ.

ಹೀಗೆ ಹನುಮಾನ್ ಘಾಟಿನಲ್ಲಿ ಅರ್ಹ ಪುರೋಹಿತರು ಒಬ್ಬರೇ ಉಳಿದರು. ಪಿತೃಪಕ್ಷ ಬಾಗಿಲಿಗೆ ಬಂದಿತ್ತು. ಯಾತ್ರಿಕರ ಬಸ್ಸುಗಳು ಹುಬ್ಬಳ್ಳಿ, ದಾವಣಗೆರೆ ಬಿಟ್ಟಾಗಿತ್ತು.

"ರಘುನಂದನಾ, ನಿಯಮ ತಿದ್ದಬೇಕಲ್ಲಯ್ಯಾ" ಎಂದರು ಶಾಸ್ತ್ರಿಗಳು, ಎಂದೂ ಇಲ್ಲದ ಅಕ್ಕರೆಯಿಂದ.

"ತಿದ್ದೋಣ ಶಾಸ್ತ್ರಿಗಳೇ. ಆದ್ರೆ ನಿಮಗೆ ಮತ ಇಲ್ವಲ್ಲ."

ಕೂಡಲೇ ಸರ್ವಸದಸ್ಯರ ಸಭೆ ಸೇರಿತು. ಹಾಜರಿದ್ದವರು ಭಟ್ಟರು. ಸೂಚಿಸಿದವರು ಭಟ್ಟರು. ಅನುಮೋದಿಸಿದವರು ಭಟ್ಟರು. ಚರ್ಚೆ ಬಿಸಿಯೇರದಂತೆ ಸಭೆಯನ್ನು ನಿಯಂತ್ರಿಸಿದವರೂ ಅವರೇ. ನಾವು ಬಾಗಿಲಾಚೆ ನಿಂತು ಕಾದೆವು. ಎಲ್ಲರ ಅರ್ಹತೆಯನ್ನೂ ಮರಳಿಸಿ, ಪ್ರತಿ ಶ್ರಾದ್ಧದ ನಡುವೆ ಒಂದು ವಿರಾಮವನ್ನು ಕಡ್ಡಾಯ ಮಾಡಲಾಯಿತು. ಸಂಕಲ್ಪಕ್ಕೆ ಮುನ್ನ ಪುರೋಹಿತರೆಲ್ಲ ಭಟ್ಟರ ಮುಂದೆ ಕೂತು ಬಿಗಿ ಹಿಡಿದು ಬಿಡುವುದನ್ನು ಅಭ್ಯಾಸ ಮಾಡತಕ್ಕದ್ದೆಂದೂ ಆದೇಶವಾಯಿತು. ಯಾತ್ರಿಕರಿಗೆ ಶೌಚಾಲಯದ ದಾರಿ ತೋರಿಸುವ ಹುದ್ದೆಗೆ ಸುಜಯನನ್ನು ನೇಮಿಸಲಾಯಿತು. ಆ ಕೆಲಸ ಅವನಿಗೆ ಪೂರ್ತಿ ಬರುತ್ತದೆ.

ಈಗ ದಿನಾ ಬೆಳಿಗ್ಗೆ ಭಟ್ಟರು ಚೌಕಿಯಲ್ಲಿ ಕೂತು "ಕೇಶವಾ" ಎನ್ನುತ್ತಾರೆ, ನಾವೆಲ್ಲ ಹಿಡಿಯುತ್ತೇವೆ. "ನಾರಾಯಣಾ" ಎನ್ನುತ್ತಾರೆ, ಬಿಡುತ್ತೇವೆ. ಎಲ್ಲರಿಗಿಂತ ಗಟ್ಟಿ ಹಿಡಿಯುವವರು ಶಾಸ್ತ್ರಿಗಳು. ಯಾತ್ರಿಕರು ಇದು ಕಾಶಿಯ ಪದ್ಧತಿ ಎಂದುಕೊಂಡು ಕೈಮುಗಿದು ತಾವೂ ಕೂರುತ್ತಾರೆ. ಊರಿಗೆ ಮರಳಿ ಅಲ್ಲಿಯ ಭಟ್ಟರು ಇದನ್ನು ಬಿಟ್ಟರೆ ಜಗಳ ತೆಗೆಯುತ್ತಾರಂತೆ.

ಮೊನ್ನೆ ದಾವಣಗೆರೆಯ ಹಿರಿಯರೊಬ್ಬರು ಭಕ್ತಿಯಿಂದ ಕೇಳಿದರು: "ಸ್ವಾಮೀ, ಇದರ ಫಲ ಏನು?"

"ಸೀನಿದಾಗ ತಿಳಿಯುತ್ತೆ" ಎಂದರು ಭಟ್ಟರು.

ಹಿರಿಯರು ಕಣ್ಣಿಗೊತ್ತಿಕೊಂಡು ದಕ್ಷಿಣೆ ಇಟ್ಟರು.