ಹೂಂ, ಹೌ, ಸರೇ, ಕನ್ಕರ್

ಹೈದರಾಬಾದಿನ್ಯಾಗ ಇರೋ ನಮ್ಮಂಥ ಕನ್ನಡ ಮಂದಿಗೆ, ಆಡಿದ ಮಾತು ಒಂದು ಕಡೆ ಹೊಂಟು ಇನ್ನೊಂದು ಕಡೆ ಮುಟ್ಟೋದು ದಿನದ ಹಾಡು. ಮನ್ಯಾಗ ಹೂಂ ಅಂತೀವಿ, ಕಾಯಿಪಲ್ಯೆದವನ ಮುಂದ ಸರೇ ಅಂತೀವಿ, ಆಟೋದವನ ಮುಂದ ಹೌ ಅಂತೀವಿ. ಒಪ್ಪಿಗೆ ಹೇಳಾಕ ಇಷ್ಟು ಸಾಕು ಅಂತ ನಾ ತಿಳಕೊಂಡಿದ್ದೆ. ಅಷ್ಟರಾಗ ನಮ್ಮ ಆಫೀಸಿಗೆ ಹೊಸ ಸಾಹೇಬ್ರು ಬಂದ್ರು. ಅವರ ಬೆನ್ನಿಗೆ ಕನ್ಕರ್ ಅನ್ನೋ ಇಂಗ್ಲೀಷ್ ಶಬ್ದಾನೂ ಬಂತು.

ನಂದು ಸಿಕಂದರಾಬಾದಿನ್ಯಾಗ ಒಂದು ಕಟ್ಟಡ ಕಟ್ಟೋ ಕಂಪನಿಯೊಳಗ ಕೆಲಸ; ಗಂಡ, ಅವ್ವ, ತಂಗಿ ಕೂಡಿ ಇರೋ ಮನಿ ಉಪ್ಪಲ್‌ದಾಗ. ಆಗ ಮನ್ಯಾಗ ತಂಗಿ ಲಗ್ನದ ಮಾತು ನಡದಿತ್ತು. ಹಿಂದ ಒಬ್ಬ ವರ ಬಂದಿದ್ದ. ಹುಡುಗಿ ಹೆಂಗ ಅನಸಿದ್ಲಪಾ ಅಂತ ಕೇಳಿದ್ರ ಆ ಪುಣ್ಯಾತ್ಮ "ಅಪ್ಪ ಹೇಳಿದಂಗ" ಅಂದಿದ್ದ. ಇಕಿ ಅಲ್ಲೇ ಒಲ್ಲೆ ಅಂದ್ಲು. "ಅಕ್ಕಾ, ಇನ್ನ ಮುಂದ ಬರಾವ ಯಾರ ಇರಲಿ, ತನ್ನ ಬಾಯಿಲೆ ತಾನು ಒಪ್ಪೀನಿ ಅನ್ನದಿದ್ರ ನಾ ಲಗ್ನ ಆಗಂಗಿಲ್ಲ" ಅಂತ ಹಟ ಹಿಡದು ಕುಂತ್ಲು. ಈಗ ಬಂದಿದ್ದ ಸಂಬಂಧ ಪಟಾನ್‌ಚೆರುದಾಗ ಗುಳಿಗಿ ಫ್ಯಾಕ್ಟರಿಯೊಳಗ ಇರೋ ಹುಡುಗಂದು. ಅವನ ಫೋಟೋ ಬಂದ ದಿನದಿಂದ ಇಕಿ ಫೋನ್ ಕೆಳಗ ಇಟ್ಟಿರಲಿಲ್ಲ. ಈ ಸಂಬಂಧ ಕೂಡಿ ಬರಲಿ ಅಂತ ನನಗೂ ಭಾಳ ಆಸೆ ಇತ್ತು. ಆದ್ರ ಹುಡುಗನ ಅಪ್ಪ ಜನ್ಮೆಲ್ಲಾ ಲೆಕ್ಕದ ಆಫೀಸಿನ್ಯಾಗ ಕಳದ ಮನುಷ್ಯ ಅಂತ ಕೇಳಿದ್ದೆ. ಆಫೀಸಿನ ಮಂದಿ ಒಪ್ಪಿಗೆ ಹೆಂಗಿರತೈತಿ ಅನ್ನೋದು ನನಗ ಗೊತ್ತಿತ್ತು.

ಮೊದಲ ಯಾರು

ಸಾಹೇಬ್ರು ಮೊದಲನೇ ಮೀಟಿಂಗಿನ್ಯಾಗ ಪಾಠಾ ಸುರು ಮಾಡಿದ್ರು. "ಎಲ್ಲಾದಕ್ಕೂ ಎಸ್ ಸಾರ್, ಓಕೆ ಸಾರ್ ಅನಬ್ಯಾಡ್ರಿ. ಕನ್ಕರ್ ಅನ್ರಿ."

ಸ್ಟೋರ್ ನೋಡಿಕೊಳ್ಳಾವ ಮೆಲ್ಲಕ ಕೇಳಿದ, "ಅಗ್ರೀ ಅಂದ್ರ ನಡ್ಯಂಗಿಲ್ಲೇನು ಸಾರ್?"

"ಅಗ್ರೀ ಅನ್ನೋದು ಎಲ್ಲಾರೂ ಅಂತಾರ. ಕನ್ಕರ್‌ದಾಗ ಒಂದು ತೂಕ ಐತಿ. ಮೊದಲ ಒಬ್ಬರು ತಮ್ಮ ಅಭಿಪ್ರಾಯ ಹೇಳಿರಬೇಕು. ನೀವು ವಿಚಾರ ಮಾಡಿ, ನಂದೂ ಅದ ಅಭಿಪ್ರಾಯ ಅನ್ನಬೇಕು. ತಿಳೀತಾ? ಮೊದಲ ಒಬ್ಬರು ಹೇಳಿರಬೇಕು."

ಎಲ್ಲಾರೂ ಗೋಣು ಹಾಕಿದ್ವಿ. ಮರುದಿನ ಬೆಳಿಗ್ಗೆ, ಸಾಹೇಬ್ರು ಇನ್ನೂ ಹಾಸಿಗಿ ಬಿಟ್ಟಿರಲಿಕ್ಕಿಲ್ಲ, ಆಫೀಸಿನ ವಾಟ್ಸಾಪ್ ಗ್ರೂಪಿನ್ಯಾಗ ಸ್ಟೋರಿನವ "ಕನ್ಕರ್ ಸಾರ್" ಅಂತ ಹಾಕಿದ. ಅವ ಹಾಕಿದ ಮ್ಯಾಲ ನಾವು ಹಾಕದಿದ್ರ ಹೆಂಗ? ಅಕೌಂಟೆಂಟ್ ಹಾಕಿದ, ಡ್ರೈವರ್ ಹಾಕಿದ, ನಾನೂ ಹಾಕಿದೆ. ಸಾಹೇಬ್ರು ಎದ್ದು ನೋಡಿದ್ರು.

"ನಾ ಇನ್ನೂ ಏನೂ ಹೇಳೇ ಇಲ್ಲಲ್ಲ. ಯಾವುದಕ್ಕ ಕನ್ಕರ್?"

ಸ್ಟೋರಿನವ ಉತ್ತರಾ ಕೊಟ್ಟ: "ಇವತ್ತ ಏನೇನು ಹೇಳೋರಿದ್ದೀರೋ ಅದಕ್ಕ, ಸಾರ್."

ಗೋಲ್ಕೊಂಡಾ

ಶನಿವಾರ ಸಂಜೀ ಏಳರ ತನಕ ಆಫೀಸು ತೆರದಿರಬೇಕು ಅಂತ ಸಾಹೇಬ್ರು ಒಮ್ಮೆ ಗ್ರೂಪಿನ್ಯಾಗ ಹಾಕಿದ್ರು. ಯಾರಿಗೂ ಮನಸಿಲ್ಲ. ಹಂಗಂತ ಅನ್ನೋ ಧೈರ್ಯಾನೂ ಇಲ್ಲ. ನಮ್ಮ ಅಕೌಂಟೆಂಟ್ ಎಲ್ಲಾರಿಗಿಂತ ಮುಂದ ಓಡಿ ಒಪ್ಪಿಗೆ ಹಾಕಾಕ ಹೋದ. ಅವನ ಬೆರಳು ತಪ್ಪಿತೋ, ಫೋನ್ ತಾನ ಶಾಣ್ಯಾ ಆಗಿ ತಿದ್ದಿತೋ, ಕನ್ಕರ್ ಹೋಗಿ ಕಾಂಕರ್ ಆತು. ಅಂದ್ರ, 'ಸಾರ್, ನಾನು ನಿಮ್ಮನ್ನ ಗೆದ್ದೀನಿ.'

ಅವತ್ತ ಮಧ್ಯಾಹ್ನ ಅಕೌಂಟೆಂಟ್ ಡಬ್ಬಿ ಸುದ್ದಾ ಬಿಚ್ಚಲಿಲ್ಲ ಪಾಪ. ಊಟ ಆದ ಮ್ಯಾಲ ಸಾಹೇಬ್ರು ಬರದ್ರು: "ಗೋಲ್ಕೊಂಡಾ ಗೆಲ್ಲಾಕ ಮೊಗಲ್ ಬಾದಶಹಾಗ ತಿಂಗಳುಗಟ್ಟಲೆ ಹಿಡೀತು. ನೀವು ನನ್ನ ಒಂದು ಮೆಸೇಜಿನ್ಯಾಗ ಗೆದ್ದೀರಿ. ಶನಿವಾರದ ಮಾತು ಬಿಟ್ಟೀನಿ."

ಅಕೌಂಟೆಂಟ್ ಅದಕ್ಕ ಕೂಡಲೇ ಕನ್ಕರ್ ಅಂತ ಹಾಕಿದ. ಈ ಸಲ ಸ್ಪೆಲ್ಲಿಂಗ್ ಬರೋಬ್ಬರಿ ಇತ್ತು.

ಮಾಮಾನ ಇಂಗ್ಲೀಷ್

ನಮ್ಮವ್ವನ ತಮ್ಮ, ನಮ್ಮ ಮಾಮಾ, ಯಾದಗಿರಿ ಕಡಿಂದ ಗಾರೆ ಕೆಲಸಕ್ಕ ಅಂತ ಬಂದು ಇಲ್ಲೇ ಮೇಸ್ತ್ರಿ ಆದವ. ನಮ್ಮ ಕಂಪನಿಯ ಪಟಾನ್‌ಚೆರು ಸೈಟ್ ಅವನ ಕೈಯಾಗ. ಮಿಕ್ಸರ್ ಸಪ್ಪಳದಾಗ ಇದ್ದು ಇದ್ದು ಒಂದು ಕಿವಿ ಮಂದ ಆಗೇತಿ. ಕೇಳಸಲಿಲ್ಲ ಅಂತ ಮಾತ್ರ ಅವ ಎಂದೂ ಒಪ್ಪಂಗಿಲ್ಲ.

ಒಂದಿನ ಸಾಹೇಬ್ರು ಸೈಟ್ ನೋಡಾಕ ಹೋಗಿದ್ರು. ಕಾರು ಗೇಟಿನ ಒಳಗ ನಿಲ್ಲಿಸಿ ಮ್ಯಾಲಿನ ಮಾಳಗಿಗೆ ಏರಿದ್ರು. ಕೆಳಗಿಂದ ಮಾಮಾ ಫೋನ್ ಮಾಡಿದ: "ಸಾಬ್, ಗೇಟಿನ ಹಂತ್ಯಾಕ ಮಳಿ ನೀರು ನಿಂತು ರಾಡಿ ಭಾಳ ಆಗೇತಿ. ಏನರ ಮಾಡಬೇಕು ಅಂತ ಇಂಜಿನಿಯರ್ ಅಂತಾರ."

"ಐ ಕನ್ಕರ್" ಅಂದು ಸಾಹೇಬ್ರು ಫೋನ್ ಇಟ್ರು.

ಈಗ ಹೈದರಾಬಾದಿನ ಮಾತಿನ್ಯಾಗ ಕಂಕರ್ ಅಂದ್ರ ಏನು? ಜಲ್ಲಿಕಲ್ಲು. ಮೇಸ್ತ್ರಿಗೆ ಬ್ಯಾರೆ ಅರ್ಥ ಯಾಕ ಹೊಳೀಬೇಕು? ಸಾಹೇಬ್ರು ಕೆಳಗ ಇಳದು ಬರೋದ್ರಾಗ ಗೇಟಿಗೆ ಅಡ್ಡ ಒಂದು ಟಿಪ್ಪರ್ ಜಲ್ಲಿ ಗುಡ್ಡ ಬಿದ್ದಿತ್ತು. ಕಾರು ಒಳಗ, ರಸ್ತಾ ಹೊರಗ.

"ಯಾರು ಹಾಕು ಅಂದವರು?" ಅಂತ ಸಾಹೇಬ್ರು ಚೀರಿದ್ರು.

"ಆಪೀಚ್ ಬೋಲೇ ನಾ ಸಾಬ್, ಕಂಕರ್ ಬೋಲ್ಕೆ." ನೀವ ಅಂದ್ರೆಲ್ಲ ಸಾಬ್, ಕಂಕರ್ ಅಂತ.

ಸಾಹೇಬ್ರು ಪಾಲಿಶ್ ಬೂಟಿನ್ಯಾಗ ಆ ಗುಡ್ಡ ಹತ್ತಿ ಇಳದು, ಕೂಲಿ ಮಂದಿ ಬಸ್ಸಿನ್ಯಾಗ ನಿಂತಕೊಂಡು ಸಿಕಂದರಾಬಾದಿಗೆ ಬಂದ್ರು. ರವಿವಾರ ಮನಿಗೆ ಬಂದ ಮಾಮಾಗ ನಾ ತಿಳಿಸಿ ಹೇಳಿದೆ: "ಮಾಮಾ, ಅದು ಇಂಗ್ಲೀಷು. ಕನ್ಕರ್ ಅಂದ್ರ ಒಪ್ಪಿಗೆ."

ಅವ ನನ್ನ ಮ್ಯಾಲಿಂದ ಕೆಳಗ ನೋಡಿದ. "ಜನ್ಮೆಲ್ಲಾ ಕಂಕರ್ ಹೊತ್ತೀನಿ. ನನಗ ಕಂಕರ್ ಅಂದ್ರೇನು ಅಂತ ಕಲಿಸಾಕ ಬಂದಿ?"

ಖಾಲಿ ತಾಟು

ಈ ರೋಗ ಮನೀಗೂ ಅಂಟಿತು. ಮಾಡಿದ ತಪ್ಪು ನಂದ, ಗಂಡನ ಮುಂದ ಈ ಶಬ್ದದ ಅರ್ಥ ಹೇಳಿದ್ದೆ. ಅವರಿಗೆ ಎಷ್ಟು ಸೇರಿತು ಅಂದ್ರ, ಟಿವಿ ಮ್ಯಾಲಿಂದ ಕಣ್ಣು ತಗೀಲಾರದ ಎಲ್ಲಾದಕ್ಕೂ ಅದನ್ನ ಅನ್ನಾಕತ್ತಿದ್ರು.

"ರಾತ್ರಿ ಊಟಕ್ಕ ಏನು ಮಾಡ್ಲಿ?" ಅಂತ ಒಂದು ಸಂಜೀ ಕೇಳಿದೆ.

"ಕನ್ಕರ್."

ನನಗ ಸಿಟ್ಟು ನೆತ್ತಿಗೇರಿತು. ಊಟದ ಹೊತ್ತಿಗೆ ಬರೇ ತಾಟು, ನೀರಿನ ಚರಿಗಿ ತಂದಿಟ್ಟೆ. ಅವರು ತಾಟು ನೋಡಿದ್ರು, ನನ್ನ ನೋಡಿದ್ರು.

"ರೊಟ್ಟಿ ಎಲ್ಲೈತಿ?"

"ಕನ್ಕರ್ ಅನ್ನಾಕ ಮೊದಲ ಒಬ್ಬರು ಏನರ ಅಂದಿರಬೇಕ್ರಿ. ನಾ ಏನೂ ಅಂದಿರಲಿಲ್ಲ, ನೀವು ಅದಕ್ಕ ಒಪ್ಪಿದ್ರಿ. ನೀವು ಒಪ್ಪಿದ್ದನ್ನ ಬಡಿಸೀನಿ."

ಮರುದಿನದಿಂದ ಅವರು ಪಲ್ಯೆದ ಹೆಸರು ಹಿಡದು ಹೇಳಾಕತ್ತಿದ್ರು.

ಹುಡುಗಿ ನೋಡೋ ಶಾಸ್ತ್ರ

ಕಡೀಕ ಗಂಡಿನವರು ಬರೋ ರವಿವಾರ ಬಂತು. ಹುಡುಗ, ಅವನ ಅಪ್ಪ, ಅವ್ವ, ಮೂವರೂ ಉಪ್ಪಲ್‌ಗೆ ನಮ್ಮ ಮನಿಗೆ ಬಂದ್ರು. ನಮ್ಮಪ್ಪ ತೀರಿಕೊಂಡ ಮ್ಯಾಲ ಮಾಮಾನೇ ನಮ್ಮ ಮನಿಗೆ ಹಿರಿಯ. ಬಿಳಿ ಧೋತರ ಉಟಗೊಂಡು ಬಾಗಲ ಹತ್ರ ಕುರ್ಚಿ ಹಾಕಿಕೊಂಡು ಕುಂತಿದ್ದ. ತಂಗಿ ಅವಲಕ್ಕಿ ಕೊಟ್ಟು ಒಳಗ ಬಂದು ಅಡಗಿಮನಿ ಬಾಗಲದ ಹಿಂದ ನನ್ನ ಬಾಜೂಕ ನಿಂತ್ಲು. ಹುಡುಗ ಫೋಟೋಕ್ಕಿಂತ ಚೊಲೋ ಇದ್ದ. ಇಕಿ ಚಹಾದ ಟ್ರೇ ಹಿಡಕೊಂಡು ಸಂದಿಂದ ಅವನ್ನ ನೋಡಾಕತ್ತಿದ್ಲು.

ಮಾಮಾ ಗಂಟಲಾ ಸರಿ ಮಾಡಿಕೊಂಡು ಕೇಳಿದ, "ಏನ್ರಿ ಯಜಮಾನ್ರ, ನಿಮ್ಮ ವಿಚಾರ ಹೆಂಗ?"

ಹುಡುಗನ ಅಪ್ಪ ಚಸ್ಮಾ ಒರಸಿಕೋತ ಅಂದ್ರು, "ನಮ್ಮ ಮನಿಯವರು ಏನು ಅಂತಾರೋ ಅದಕ್ಕ ನಂದು ಕನ್ಕರ್ ರಿ."

ಊರಾಗ ಇದ್ದಬದ್ದ ಶಬ್ದಾ ಬಿಟ್ಟು ಇದ ಬೇಕಾಗಿತ್ತಾ ಇವರಿಗೆ? ಮಾಮಾ ಹುಬ್ಬು ಏರಿಸಿ ಆ ಯಜಮಾನ್ರನ್ನ ನೋಡಿದ.

ಹುಡುಗನ ಅವ್ವ ಸೆರಗು ಸರಿ ಮಾಡಿಕೊಂಡ್ರು. "ನಂದೇನೈತ್ರಿ, ಮಗ ಹೂಂ ಅಂದ್ರ ನಾನೂ ಹೂಂ."

ಎಲ್ಲಾರೂ ಹುಡುಗನ ಕಡೆ ನೋಡಿದ್ವಿ. ಅವ ನೆಲಾ ನೋಡಿದ. "ಅಪ್ಪ ಹೇಳಿದಂಗ" ಅಂದ.

ಬಾಗಲದ ಹಿಂದ ಚಹಾದ ಟ್ರೇ ಕಟ್ಟಿ ಮ್ಯಾಲ ಠಣ್ ಅಂತ ಕುಂತಿತು. "ಮುಗೀತಕ್ಕಾ, ಕಳಸಿಬಿಡು ಅವರನ್ನ" ಅಂದ್ಲು ತಂಗಿ. ಇಕಿಗೆ ಅವ ಬೇಕಾಗಿದ್ದ, ಅದು ನನಗ ಗೊತ್ತಿತ್ತು. ಸಂಕಟಾತು, ಸಿಟ್ಟೂ ಬಂತು. ಎರಡೂ ಕೂಡಿದ್ರ ನಾ ಸುಮ್ಮನ ಇರಾಕಿ ಅಲ್ಲ.

ಹೊರಗ ಬಂದು ಹುಡುಗನ ಅಪ್ಪನ ಮುಂದ ನಿಂತೆ. "ತಪ್ಪು ತಿಳಕೋಬ್ಯಾಡ್ರಿ. ಕನ್ಕರ್ ಅನ್ನಾಕ ಮೊದಲ ಒಬ್ಬರು ಹೇಳಿರಬೇಕ್ರಿ. ನೀವು ಹೇಂತಿ ಕಡೆ ಬೆರಳು ಮಾಡಿದ್ರಿ, ಅವರು ಮಗನ ಕಡೆ ಮಾಡಿದ್ರು, ಮಗ ತಿರುಗಿ ನಿಮ್ಮ ಕಡೆ. ಮೂವರೂ ಒಪ್ಪೀರಿ. ಹೇಳಿದವರು ಯಾರು?"

ನಮ್ಮವ್ವ ಹಣಿ ಹಣಿ ಬಡಕೊಂಡ್ಲು. ಯಜಮಾನ್ರು ಮಾತ್ರ ಚಸ್ಮಾ ಏರಿಸಿಕೊಂಡು ನೆಟ್ಟಗ ಕುಂತ್ರು. ಅಂಥಾ ಮಾತು ಅವರಿಗೆ ಆಫೀಸು ಬಿಟ್ಟ ಮ್ಯಾಲ ಯಾರೂ ಅಂದಿರಲಿಕ್ಕಿಲ್ಲ.

"ಕರೆಕ್ಟ್ ಐತ್ರಿ ಬಾಯಾರ. ಪ್ರಪೋಜಲ್ ಇಲ್ಲದ ಕನ್ಕರೆನ್ಸ್ ನಡ್ಯಂಗಿಲ್ಲ." ಮಗನ ಕಡೆ ತಿರುಗಿದ್ರು. "ಏಳೋ. ನೀ ಮೊದಲ ಹೇಳು."

ಹುಡುಗ ಎದ್ದು ನಿಂತ. ಕಿವಿ ಕೆಂಪಗ ಆಗಿದ್ವು. ಅಪ್ಪನ್ನೂ ನೋಡಲಿಲ್ಲ, ಅವ್ವನ್ನೂ ನೋಡಲಿಲ್ಲ, ಅಡಗಿಮನಿ ಬಾಗಲಾ ನೋಡಿ ಅಂದ: "ನನಗ ಅವರು ಭಾಳ ಪಸಂದ ಆಗ್ಯಾರ್ರಿ. ಅವರಿಗೆ ನಾ ಪಸಂದ ಇಲ್ಲ ಅಂದ್ರೂ ನನ್ನ ಮಾತು ಇದ."

ಬಾಗಲದ ಹಿಂದಿಂದ ತಂಗಿ ದನಿ ಬಂತು.

"ಕನ್ಕರ್."

ನಮ್ಮವ್ವಗ ಏನೂ ತಿಳೀಲಿಲ್ಲ, ಆದ್ರೂ ನನ್ನ ಮಾರಿ ನೋಡಿ ಕಣ್ಣೀರು ತಗದ್ಲು. ನಾನೂ ತಗದೆ. ಹುಡುಗನ ಅವ್ವ ಸಕ್ಕರಿ ತರ್ರಿ ಅಂದ್ರು. ಬಾಯಿ ಸಿಹಿ ಮಾಡೋಣು ಅಂತ ಮೊದಲ ಹಿರಿಯನ ಹತ್ರ ಸಕ್ಕರಿ ಬಟ್ಟಲಾ ಹಿಡಕೊಂಡು ಹೋದೆ. ಮಾಮಾ ಅಂಗಳದಾಗ ನಿಂತು, ಚೊಲೋ ಇದ್ದ ಕಿವಿಗೆ ಫೋನ್ ಹಚ್ಚಿಕೊಂಡು ಟಿಪ್ಪರ್ ಡ್ರೈವರ್ ಕೂಡ ಮಾತಾಡಾಕತ್ತಿದ್ದ.

"ಹಾಂ, ಉಪ್ಪಲ್‌ಗೆ. ಎರಡು ಗಾಡಿ ಕಂಕರ್. ಬೀಗರು ಒಂದು ಕೇಳ್ಯಾರ, ನಮ್ಮ ಹುಡುಗಿ ಒಂದು ಕೇಳ್ಯಾಳ. ಯಾಕ ಅಂತ ನನಗೇನು ಗೊತ್ತೋ ಮಾರಾಯಾ, ಲಗ್ನದ ಮಾತು, ಇಲ್ಲ ಅನ್ನಾಕ ಬರಂಗಿಲ್ಲ."