ತುಟಿ ಕಾಣುವ ಟಿವಿ

ಟಿವಿ ಸರಿಯಾಗಿ ಕೇಳಿಸುವುದಿಲ್ಲ ಎಂದು ಜಗಳ ತೆಗೆಯುವವರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಆದರೆ ಎರಡೂ ಕಿವಿ ಪೂರ್ತಿ ಹೋದ ಮೇಲೆ, "ಟಿವಿ ಕೇಳಸವಲ್ದು, ಮೊದಲ ಚಿತ್ರ ಸ್ವಚ್ಛ ಮಾಡಸ್ರಿ" ಎಂದು ಜಗಳ ತೆಗೆದವಳು ಈ ಭೂಮಿಯ ಮೇಲೆ ಒಬ್ಬಳೇ. ಅವಳು ನನ್ನ ಸೋದರತ್ತೆ! ನಮ್ಮ ಯರಗುಪ್ಪಿಯ ಮನೆಗೆ ಎಚ್‌ಡಿ ಬರಲಿ ಎಂದು ಅವಳು ನಾಲ್ಕು ವರ್ಷ ಕಾದಳು. ಎರಿ ಮಣ್ಣಿನ ಹೊಲದವರು ಮಳೆಗೆ ಕಾಯುತ್ತಾರೆ ನೋಡಿ, ಅವರೂ ನಡುನಡುವೆ ಬೇಸತ್ತು ಬೈದು ಸುಮ್ಮನಾಗುತ್ತಾರೆ. ಅತ್ತೆ ಬೈಯುತ್ತಿದ್ದಳೇ ಹೊರತು ಸುಮ್ಮನಾಗುತ್ತಿರಲಿಲ್ಲ.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಹುಟ್ಟಾ ಜೋಲು ಮೋರೆಯವನು. ಕುಂದಗೋಳದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ ಎಂದರೆ ಉಳಿದದ್ದನ್ನು ನೀವೇ ಊಹಿಸಬಹುದು. ಸಂಜೆ ಮನೆಗೆ ಬಂದರೆ ಮಾತಾಡುವ ಮನಸ್ಸಿರುವುದಿಲ್ಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ನಾನು ಸಾಲಾಗಿ ಟಿವಿ ಮುಂದೆ ಕೂರುತ್ತೇವೆ. ನಮ್ಮ ಹಿಂದೆ, ಕಂಬಕ್ಕೆ ಆತು, ಅತ್ತೆ.

ಅತ್ತೆಯ ಕಿವಿ ಹೋದ ಕಥೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಣ್ಣಿಗೇರಿ ಕಡೆಯ ಒಂದು ಹಳ್ಳಿಯಲ್ಲಿ ಅತ್ತೆ ಮತ್ತು ಮಾವ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ತಗಡಿನ ಶೆಡ್ಡು, ಒಂದು ಮೂಲೆಯಲ್ಲಿ ಜೋಳ ಬೀಸುವ ಕಲ್ಲು, ಇನ್ನೊಂದು ಮೂಲೆಯಲ್ಲಿ ಖಾರ ಕುಟ್ಟುವ ಯಂತ್ರ. ಎರಡೂ ಚಾಲೂ ಆದರೆ ಒಳಗೆ ಸಿಡಿಲು ಬಿದ್ದರೂ ಕೇಳಿಸುವಂತಿರಲಿಲ್ಲ. ಕೂಗಿ ಕೂಗಿ ಸೋತ ಗಂಡ ಹೆಂಡತಿ ಕೊನೆಗೆ ಧ್ವನಿಯನ್ನೇ ಬಿಟ್ಟುಬಿಟ್ಟರು. ಮಾವ ಆ ಮೂಲೆಯಿಂದ ತುಟಿ ಅಲ್ಲಾಡಿಸಬೇಕು, ಅತ್ತೆ ಈ ಮೂಲೆಯಿಂದ ಓದಿಕೊಳ್ಳಬೇಕು. ಬೀಸಬೇಕಾದ ಜೋಳ, ಬರಬೇಕಾದ ಬೀಗರು, ನಡುವೆ ಒಂದಿಷ್ಟು ಜಗಳ, ಎಲ್ಲವೂ ತುಟಿಯಲ್ಲೇ! ಇಪ್ಪತ್ತೆಂಟು ವರ್ಷ ಹಾಗೇ ಸಂಸಾರ ಮಾಡಿದರು. ಒಂದು ದಿನ ಕರೆಂಟ್ ಹೋಗಿ ಗಿರಣಿ ನಿಂತಿತು. ಅದಕ್ಕೆ ಬೆನ್ನು ಹಾಕಿ ಕೂತಿದ್ದ ಅತ್ತೆ ಮಾತ್ರ ಬಂದವರ ಜೊತೆ ಧ್ವನಿಯಿಲ್ಲದೆ ಮಾತಾಡುತ್ತಲೇ ಇದ್ದಳು. ಅವಳ ಕಿವಿಯೊಳಗೆ ಗಿರಣಿ ನಿಂತಿರಲೇ ಇಲ್ಲ. ಆಗಲೇ ಎಲ್ಲರಿಗೂ ತಿಳಿದದ್ದು.

ಮಾವ ತೀರಿಕೊಂಡ ಮೇಲೆ ನಮ್ಮಪ್ಪ ತಂಗಿಯನ್ನು ತವರಿಗೆ ಕರೆತಂದ. ಈಗ ಅಪ್ಪನೂ ಇಲ್ಲ. ಅತ್ತೆ ನನ್ನ ಪಾಲಿಗೆ ಉಳಿದಳು, ಅವಳ ಪಾಲಿಗೆ ನಾನು ಉಳಿದೆ. ಇಬ್ಬರಲ್ಲಿ ಯಾರ ಹಣೆಬರಹ ಹೆಚ್ಚು ಕೆಟ್ಟದ್ದೆಂದು ಇನ್ನೂ ತೀರ್ಮಾನವಾಗಿಲ್ಲ.

ತುಟಿ ಓದುವ ವಿದ್ಯೆ ಗಿರಣಿಯೊಳಗೆ ಇದ್ದಾಗ ಚೆಂದ. ಅದು ಊರೊಳಗೆ ಬಂದರೆ ಏನಾಗುತ್ತದೆ? ಸಂಬಂಧಿಕರ ಹುಡುಗಿಯೊಬ್ಬಳನ್ನು ನೋಡಲು ವರನ ಕಡೆಯವರು ಬಂದಿದ್ದರು. ಉಪ್ಪಿಟ್ಟು ತಿನ್ನುತ್ತ ವರನ ತಾಯಿ ತನ್ನ ಗಂಡನಿಗೆ ಮೆಲ್ಲಗೆ ಏನೋ ಅಂದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತವಳು, ಕಿವಿ ಕೇಳದವರಿಗೆ ತಮ್ಮ ಧ್ವನಿಯ ಅಳತೆ ಗೊತ್ತಾಗುವುದಿಲ್ಲ ನೋಡಿ, ಇಡೀ ಓಣಿಗೆ ಕೇಳುವ ಹಾಗೆ, "ಹುಡಿಗಿ ಮೂಗ ಸಣ್ಣದ ಅಂತೀರೇನ್ರಿ? ಮೊದಲ ನಿಮ್ಮ ಮಗನ ನೆತ್ತಿ ನೋಡ್ರಿ, ಕೂದಲಾ ಎಣಿಸಿ ಹೇಳಬೌದು!" ಎಂದಳು. ಅಲ್ಲಿಗೆ ಸಂಬಂಧ ಮುರಿಯಿತು. ಆ ಹುಡುಗಿ ಈಗಲೂ ಅತ್ತೆಯನ್ನು ಕಂಡರೆ ಕಾಲಿಗೆ ಬೀಳುತ್ತಾಳೆ!

ಕಿವಿಗೆ ಹಾಕುವ ಮಷೀನು ತಂದುಕೊಡಲಿಲ್ಲವೇ ಎಂದು ಕೇಳುತ್ತೀರಿ. ತಂದುಕೊಟ್ಟೆ. ಅದು ಗುಂಯ್ಯೆಂದಿತು. "ಮತ್ತ ಗಿರಣಿ ಚಾಲೂ ಆತಲ್ಲೋ" ಎಂದು ತೆಗೆದವಳು ಎಲೆ ಅಡಿಕೆಯ ಡಬ್ಬಿಗೆ ಹಾಕಿದಳು. ಹಾಗೆಯೇ ಒಂದಷ್ಟು ವರ್ಷ ಸಾಗಿತು.

ಆಮೇಲೆ ಬಂತಲ್ಲ, ಮೂತಿಗೆ ಬಟ್ಟೆ ಕಟ್ಟಿಕೊಳ್ಳುವ ಕಾಲ! ನಮಗೆಲ್ಲ ಅದು ರೋಗದ ಕಾಲ. ಅತ್ತೆಗೆ ಮಾತ್ರ ಜಗತ್ತೇ ಮೂಕವಾದ ಕಾಲ. ರೇಷನ್ ಅಂಗಡಿಯವನಿಗೆ ಬಾಯಿಲ್ಲ, ಬ್ಯಾಂಕಿನವಳಿಗೆ ಬಾಯಿಲ್ಲ, ಬಸ್ಸಿನ ಕಂಡಕ್ಟರನಿಗೂ ಬಾಯಿಲ್ಲ. ಮುಖವೆಂದರೆ ಬರೇ ಕಣ್ಣಾಗಿಬಿಟ್ಟಿತ್ತು. ಆಗ ಅವಳ ಕಣ್ಣಿಗೆ ಬಿದ್ದವಳೇ ಟಿವಿಯಲ್ಲಿ ವಾರ್ತೆ ಓದುವ ಹೆಂಗಸು. ಬಾಯಿ ಮುಚ್ಚಿಕೊಳ್ಳದೆ, ನೆಟ್ಟಗೆ ಎದುರಿಗೆ ನೋಡಿ ಮಾತಾಡುವ ಒಂದೇ ಒಂದು ಮುಖ! ಆದರೆ ನಮ್ಮ ಹಳೇ ಡಬ್ಬಿ ಟಿವಿಯಲ್ಲಿ ಬಾಯಿ ಎಲ್ಲಿದೆ, ಗದ್ದ ಎಲ್ಲಿದೆ ಎಂದು ದೇವರಿಗೇ ಗೊತ್ತು.

"ಲೇ, ಅಕಿ ಮಾತಾಡಾಕತ್ತಾಳ ಖರೆ, ಬಾಯಿ ಇದ್ದಲ್ಲೆ ಬರೇ ಕೆಂಪ ಮುದ್ದಿ ಅಳ್ಳಾಡತೈತಿ. ನಿಮ್ಮ ಟಿವಿಗೆ ಒಂದ ಚಷ್ಮಾ ಹಾಕಸ್ರೋ!"

ಕೆಳಗೆ ಓಡುವ ಅಕ್ಷರ ಓದಿಕೋ ಎಂದೆ. ಅತ್ತೆ ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು. ಅವಳು ಮೊದಲ ಅಕ್ಷರ ಕೂಡಿಸುವುದರೊಳಗೆ ಸುದ್ದಿ ಹುಬ್ಬಳ್ಳಿ ದಾಟಿರುತ್ತಿತ್ತು. ಮೊಬೈಲಿನಲ್ಲಿ ತೋರಿಸೋಣವೆಂದರೆ ನಮ್ಮ ಮನೆಯೊಳಗೆ ನೆಟ್ ಬರುವುದಿಲ್ಲ. ಹೊರಗೆ ಅಗಸಿ ಬಾಗಿಲಲ್ಲಿ ನಿಂತು ತೋರಿಸಿದರೆ, "ಬಾಯಿ ಎಳ್ಳಿನಷ್ಟ ಐತಿ, ಏನ ಓದ್ಲೋ?" ಎಂದಳು.

ಕಿವಿಯನ್ನು ಇನ್ನೊಮ್ಮೆ ತೋರಿಸೋಣವೆಂದು ಹುಬ್ಬಳ್ಳಿಗೆ ಕರೆದೊಯ್ದೆ. ಡಾಕ್ಟರು ಮಾಸ್ಕಿನೊಳಗಿಂದಲೇ ಏನೇನೋ ಹೇಳಿದರು. ಅತ್ತೆ ಸ್ವಲ್ಪ ಹೊತ್ತು ತಾಳಿಕೊಂಡು, "ಡಾಕ್ಟರ, ಒಂದಿಷ್ಟ ಬಾಯಿ ತೋರಸ್ರಿ" ಎಂದಳು. ರೋಗಿಯೇ ಡಾಕ್ಟರಿಗೆ ಬಾಯಿ ತೋರಿಸು ಎಂದದ್ದನ್ನು ನಾನು ಕಂಡದ್ದು ಅದೇ ಮೊದಲು! ಪಾಪ, ಅವರು ದೂರ ಸರಿದು ನಿಂತು ಮಾಸ್ಕ್ ಇಳಿಸಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು: ಇನ್ನು ಕಿವಿ ಬರುವುದಿಲ್ಲ, ಯಾವ ಮಷೀನಿನಿಂದಲೂ ಅಷ್ಟಾಗಿ ಉಪಯೋಗವಿಲ್ಲ. ಅತ್ತೆ ಒಂದಕ್ಷರ ಬಿಡದೆ ಓದಿಕೊಂಡಳು. "ಚಲೋ ಹೇಳಿದ್ರಿ" ಎಂದು ಕೈಮುಗಿದು ಎದ್ದಳು.

ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಹೊರಟೆವು. ದಾರಿಯಲ್ಲಿ ಒಂದು ಟಿವಿ ಅಂಗಡಿ. ಗಾಜಿನ ಆಚೆ ಬಾಗಿಲಗಲದ ಟಿವಿ, ಅದರ ತುಂಬ ವಾರ್ತೆ ಓದುವವಳ ಮುಖ. ಅತ್ತೆ ಗಕ್ಕನೆ ನಿಂತಳು. ನಿಂತವಳು ದೊಡ್ಡ ಧ್ವನಿಯಲ್ಲಿ ಶುರು ಮಾಡಿದಳು: "ಕರಾವಳಿ ಭಾಗದಲ್ಲಿ ಇನ್ನೂ ಎರಡು ದಿನ ಮಳೆ... ಮೀನುಗಾರರು ಸಮುದ್ರಕ್ಕೆ ಇಳಿಯಬಾರದು..." ಜನ ಕೂಡಿದರು. ಅಂಗಡಿಯವನು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಹೊರಗೆ ಓಡಿ ಬಂದ.

"ಅಮ್ಮಾರ, ಒಳಗ ಸೌಂಡ್ ಬಂದ್ ಮಾಡೇನ್ರಿ. ಹೊರಗ ನಿಂತ ನಿಮಗ ಹೆಂಗ ಕೇಳಸಾಕತ್ತೈತ್ರಿ?"

"ನನಗೆಲ್ಲಿ ಕೇಳಸತೈತೋ ತಮ್ಮಾ, ನಾ ಕೆಪ್ಪಿ!"

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಅಷ್ಟು ಸ್ವಚ್ಛ ಚಿತ್ರಕ್ಕೆ ಎಚ್‌ಡಿ ಎನ್ನುತ್ತಾರೆ ಎಂದು ಅವನು ತಿಳಿಸಿದ. ಮುಂದಿನ ತಿಂಗಳು ಅಂಥದೇ ಟಿವಿ ನಮ್ಮ ಮನೆಗೆ ಬಂತು. ಹಚ್ಚಿ ನೋಡಿದರೆ ಅದೇ ಕೆಂಪು ಮುದ್ದೆ, ಸ್ವಲ್ಪ ದೊಡ್ಡದಾಗಿ! ಅಂಗಡಿಯವನು ಇಂಟರ್ನೆಟ್ಟಿನ ಮೇಲೆ ತೋರಿಸಿದ್ದನಂತೆ. ಡಿಶ್ಶಿನಲ್ಲಿ ಕನ್ನಡ ವಾರ್ತೆ ಎಚ್‌ಡಿಯಾಗಿ ಇನ್ನೂ ಬಂದಿಲ್ಲ ಎಂದು ನಮ್ಮ ಡಿಶ್ಶಿನವನು ವಿವರಿಸಿದ. ಬಂದದ್ದೇನು? ಇಂಗ್ಲಿಷು, ಹಿಂದಿ, ಕಾಡುಪ್ರಾಣಿ. ಹಿಂದಿಯವರ ಬಾಯಿ ಸ್ಪಷ್ಟ ಕಂಡಿತು, ಮಾತು ತಿಳಿಯಲಿಲ್ಲ. ಒಂದು ದಿನ ಹುಲಿ ತೋರಿಸಿದೆ, ಮೀಸೆಯ ಒಂದೊಂದೇ ಕೂದಲು ಎಣಿಸುವ ಹಾಗಿತ್ತು. ಅತ್ತೆ ಅರ್ಧ ತಾಸು ನೋಡಿ, "ಏನೂ ಮಾತಾಡಲಿಲ್ಲೋ, ತಿಂತು, ಮಲಗ್ತು. ನಿನ್ನಂಗ" ಎಂದಳು.

ಕಾಯುವ ಕೆಲಸವನ್ನು ಅತ್ತೆ ಕೈಕಟ್ಟಿ ಮಾಡಲಿಲ್ಲ. ಡಿಶ್ಶಿಗೆ ಹೊಲಸು ಹಿಡಿದಿದೆ ಎಂದುಕೊಂಡು ಮಾಳಿಗೆ ಹತ್ತಿ ಅದನ್ನು ಹಿತ್ತಾಳೆ ಬಿಂದಿಗೆಯಂತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ಮೇಲೆ ಮೂರು ಬೆರಳು ವಿಭೂತಿ ಎಳೆದಳು. ಡಿಶ್ ತಿರುಗಿ ಮೂರು ದಿನ ಹುಲಿಯೂ ಬರಲಿಲ್ಲ. ಡಿಶ್ಶಿನವನು ಬಂದು ಹಣೆ ಬಡಿದುಕೊಂಡ.

"ಅಮ್ಮಾ, ಸಿಗ್ನಲ್ ಕೈಲಾಸದಿಂದ ಬರೂದಿಲ್ಲಬೇ!"

"ಮತ್ತೆಲ್ಲಿಂದ ಬರತೈತಿ?"

"ಮ್ಯಾಲಿಂದ."

"ಕೈಲಾಸೂ ಮ್ಯಾಲೇ ಐತಿ" ಎಂದಳು ಅತ್ತೆ. ಅವನು ಡಿಶ್ ತಿರುಗಿಸಲು ಮಾಳಿಗೆ ಹತ್ತಿದ.

ಎಚ್‌ಡಿ ಯಾವಾಗ ಎಂದು ಕೇಳಿದಾಗಲೆಲ್ಲ ಅವನು "ಮುಂದಿನ ತಿಂಗಳ ಪಕ್ಕಾ" ಎನ್ನುತ್ತಿದ್ದ. ಒಮ್ಮೆ ಹಾಗೆಂದು ಹೇಳಿ, ಅಂಗಳದಾಚೆ ಬೈಕಿನ ಮೇಲೆ ಕೂತು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದ. ಅತ್ತೆ ಕಟ್ಟೆಯ ಮೇಲಿಂದ ನೋಡುತ್ತಿದ್ದವಳು ಎದ್ದು ಅವನ ಹತ್ತಿರ ಹೋದಳು.

"ಆ ಮುದಕೀಗೆ ಇನ್ನ ಎರಡ ವರ್ಷ ಬರೂದಿಲ್ಲ ಬಿಡ, ಅಂದೀಯಲ್ಲ? ಬರದಿದ್ರ ಬರೂದಿಲ್ಲ ಅಂತ ನನ್ನ ಮಾರಿ ನೋಡಿ ಹೇಳಪಾ. ನನಗ ಬೇಕಾದ್ದ ಅಷ್ಟ ನೋಡ, ನನ್ನ ಮಾರಿ ನೋಡಿ ಹೇಳೂದು."

ಅವನು ಬೈಕ್ ಒದ್ದು ಓಡಿದ. ಅದಾದ ಮೇಲೆ ನಮ್ಮ ಮನೆಗೆ ಬಂದರೆ ಮಾಸ್ಕ್ ಹಾಕಿಕೊಂಡೇ ಬರುತ್ತಿದ್ದ, ರೋಗ ಹೋಗಿ ವರ್ಷವಾಗಿದ್ದರೂ!

ಒಂದು ಸಲ ನನಗೂ ತಲೆ ಕೆಟ್ಟಿತು. "ಅತ್ತಿ, ಆ ಸುದ್ದಿ ಅಷ್ಟ್ಯಾಕ ಬೇಕಬೇ ನಿನಗ? ಕೇಳಿ ನಮಗೇನ ಸುಖ ಆಗೇತಿ?" ಎಂದು ಕೇಳಿದೆ.

"ಸುದ್ದಿ ಯಾರಿಗೆ ಬೇಕೋ? ಅಕಿ ನನ್ನ ಕಡೆ ಮಾರಿ ಮಾಡಿ ಮಾತಾಡ್ತಾಳ" ಎಂದಳು.

ಮರುದಿನ ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೂ ಅದು ನಗೆಯ ಮಾತಾಗಿಯೇ ಕಂಡಿತ್ತು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಕಡೆಗೂ ಹೋದ ಶ್ರಾವಣದಲ್ಲಿ ಎಚ್‌ಡಿ ಬಂತು. ಡಿಶ್ಶಿನವನು ಮಾಸ್ಕಿಲ್ಲದೆ ಬಂದು ಬಾಯಿ ಅಗಲಿಸಿ "ಬಂತಬೇ!" ಎಂದ. ಆ ಸಂಜೆ ಅತ್ತೆ ಇಳಕಲ್ ಸೀರೆ ಉಟ್ಟು, ನಮ್ಮೆಲ್ಲರಿಗಿಂತ ಮುಂದೆ ಕುರ್ಚಿ ಹಾಕಿ ಕೂತಳು. ವಾರ್ತೆಯವಳ ತುಟಿಯ ಗೆರೆ ಗೆರೆಯೂ ಕಾಣುತ್ತಿತ್ತು. ಅತ್ತೆ ಒಂದೊಂದನ್ನೂ ಗಟ್ಟಿಯಾಗಿ ಹೇಳುತ್ತ ಹೋದಳು. ಮಕ್ಕಳು ಟಿವಿಯ ಸೌಂಡ್ ತೆಗೆದು ಅವಳಿಂದಲೇ ಸುದ್ದಿ ಕೇಳಿದರು. ನಮ್ಮ ಮನೆಯಲ್ಲಿ ಅಷ್ಟು ಖುಷಿಯನ್ನು ನಾನು ನೋಡಿ ಬಹಳ ವರ್ಷವಾಗಿತ್ತು.

ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ವಾರ್ತೆಯ ಬದಲು ಚರ್ಚೆ. ಪರದೆಯ ಮೇಲೆ ಆರು ಚೌಕ, ಆರು ಬಾಯಿ, ಆರೂ ಒಟ್ಟಿಗೇ ಬಿಚ್ಚಿದ್ದವು. ಅತ್ತೆಯ ಕಣ್ಣು ಅತ್ತಿಂದಿತ್ತ ಓಡಿ ಸೋತಿತು. "ತಡಿ ತಂಗಿ, ಅದೇನಂದಿ, ಇನ್ನೊಮ್ಮೆ ಹೇಳ" ಎಂದು ವಾರ್ತೆಯವಳಿಗೆ ಕೈ ಮಾಡಿದಳು. ಅವಳೆಲ್ಲಿ ನಿಲ್ಲುತ್ತಾಳೆ? ನಾವು ಹಿಂದೆ ಕೂತು ನಕ್ಕೆವು. ಅತ್ತೆ ತಿರುಗಿ ನಮ್ಮನ್ನು ನೋಡಿದಳು.

ಮರುದಿನ ಸಂಜೆ ನಾನು ಬಂದಾಗ ಅವಳ ಕುರ್ಚಿ ಟಿವಿಯ ಪಕ್ಕಕ್ಕೆ ಹೋಗಿತ್ತು. ಗೋಡೆಗೆ ಬೆನ್ನು ಹಚ್ಚಿ, ನಮ್ಮ ಕಡೆ ತಿರುಗಿ ಕೂತಿದ್ದಳು. ಅಲ್ಲಿಂದ ಅವಳಿಗೆ ಟಿವಿ ಕಾಣುವ ಹಾಗೇ ಇರಲಿಲ್ಲ. ನನಗೆ ಸಿಟ್ಟು ಬಂತು. ನಾಲ್ಕು ವರ್ಷ ಜೀವ ತಿಂದು ತರಿಸಿದ ಎಚ್‌ಡಿ!

"ಯಾಕಬೇ ಅತ್ತಿ? ಬಂದದ್ದೂ ಬ್ಯಾಡಾತೇನು?"

"ಅಕಿ ನನ್ನ ಕಡೆ ನೋಡಿ ಮಾತಾಡ್ತಾಳೋ, ಖರೆ. ಆದ್ರ ನಾ ಇಲ್ಲೆ ಅದೇನಿ ಅಂತ ಅಕೀಗೇನ ಗೊತ್ತು?" ಎಂದಳು. ಅವಳ ಧ್ವನಿ ಎಂದೂ ಇಲ್ಲದಷ್ಟು ಸಣ್ಣದಾಗಿತ್ತು. "ನಿಮಗ ಗೊತ್ತೈತಿ. ನೀವಂತೂ ಸಂಜಿಕ ಟಿವಿ ಕಡೆ ಮಾರಿ ಮಾಡಿ ಕುಂದರ್ತೀರಿ. ಅದರ ಬಾಜೂಕ ಕುಂತ್ರ ನಿಮ್ಮ ಮಾರಿ ನನ್ನ ಕಡೇನೂ ಇರ್ತಾವಲ್ಲ. ನಡುವ ಒಂದ ಮಾತ ಆಡಿದ್ರ ನನಗ ತಿಳೀತೈತಿ."

ಹೆಂಡತಿ ತಲೆ ತಗ್ಗಿಸಿದಳು. ನಾನೀಗ ಏನಾದರೂ ಮಾತಾಡಬೇಕು, ಆದರೆ ಏನು? ಒಂದೇ ಸೂರಿನಡಿ ಇದ್ದು ಅವಳ ಜೊತೆ ಉಂಡೆಯಾ, ಮಲಗು ಎಂಬುದನ್ನು ಬಿಟ್ಟರೆ ಬೇರೆ ಮಾತೇ ನನಗೆ ರೂಢಿ ಇರಲಿಲ್ಲ. ಕುರ್ಚಿ ಎಳೆದು ಅವಳ ಎದುರಿಗೆ ಕೂತೆ.

"ಇವತ್ತ ಸಾಲ್ಯಾಗ ಒಬ್ಬ ಹುಡಿಗಿ ನನ್ನ ಪ್ರಶ್ನೆಪತ್ರಿಕಾದಾಗನ ತಪ್ಪ ಹಿಡದ್ಲಬೇ. 'ಸರ, ಈ ಲೆಕ್ಕಕ್ಕ ನೀವ ಉತ್ತರಾ ತಗದ ತೋರಸ್ರಿ' ಅಂದ್ಲು. ನನಗ ಬರಲಿಲ್ಲ!"

ಅತ್ತೆ ಕಿಸಕ್ಕನೆ ನಕ್ಕಳು. ಅವಳನ್ನು ನೋಡಿ ನಾನೂ ಬಾಯ್ತುಂಬ ನಕ್ಕೆ. ಅವಳು ಒಮ್ಮೆಲೇ ನಗು ನಿಲ್ಲಿಸಿ, ಮುಂದೆ ಬಾಗಿ, ನನ್ನ ಬಾಯಿಯನ್ನೇ ನೋಡಿದಳು. ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದಳು.

"ಅಲ್ಲೋ ತಮ್ಮಾ, ಈ ಬಾಜೂದ ಹಲ್ಲ ಯಾವಾಗ ಹ್ವಾತೋ?"

ಅದನ್ನು ಕೀಳಿಸಿ ಎರಡು ವರ್ಷ ದಾಟಿತ್ತು. ಆ ಎರಡು ವರ್ಷವೂ ನಾವಿಬ್ಬರೂ ಇದೇ ಮನೆಯಲ್ಲಿ, ದಿನಾ ಎರಡು ಹೊತ್ತು ಕೂಡಿಯೇ ಉಂಡಿದ್ದೇವೆ.