ಕಟಕಟೆಯ ಹೊರಗಿದ್ದವನು

ಪರೀಕ್ಷೆಗೆ ಓದುವ ಮಕ್ಕಳಿಗೆ ಪಾಠ ಹೇಳಲು ಹೋಗಬಾರದು. ಅವರಿಗೆ ಬೇಕಾದದ್ದು ಎರಡು ಅಂಕದ ಉತ್ತರ, ನಮಗೆ ಬೇಕಾದದ್ದು ಕೇಳುವ ಕಿವಿ. ಇದು ಗೊತ್ತಿದ್ದೂ ಹೋದ ಭಾನುವಾರ ನಾನು ಸಿಕ್ಕಿಬಿದ್ದೆ. ಮಗಳು ಮೇಘನಾಳ ಹತ್ತನೇ ತರಗತಿಯ ಪಠ್ಯದಲ್ಲಿ ಹಳೆಯ ನಾಟಕವೊಂದರ ನ್ಯಾಯಾಲಯದ ದೃಶ್ಯವಿದೆ. ಅವಳೂ ಅವಳ ಸಹಪಾಠಿ ತೇಜಸ್ಸೂ ಶಂಕರಪುರದ ನಮ್ಮ ಮನೆಯ ಹಜಾರದಲ್ಲಿ ಅದನ್ನಿಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿದ್ದರು. ನಾನೋ ಇಪ್ಪತ್ತೆಂಟು ವರ್ಷಗಳಿಂದ ಕೋರ್ಟಿನಲ್ಲಿ ಬೆರಳಚ್ಚುಗಾರ, ಸಾಕ್ಷಿಗಳ ನಿಜವನ್ನೂ ಸುಳ್ಳನ್ನೂ ಒಂದೇ ವೇಗದಲ್ಲಿ ಟೈಪು ಮಾಡಿದವನು. ಈ ವಿಷಯದಲ್ಲಿ ನನಗಿಂತ ಬಲ್ಲವರುಂಟೇ ಎಂದು ಕುರ್ಚಿ ಎಳೆದುಕೊಂಡೆ.

ಅದೇ ಹಜಾರದಲ್ಲಿ ಇನ್ನೊಂದು ಮೊಕದ್ದಮೆ ಬಾಕಿಯಿತ್ತೆಂಬುದನ್ನು ನಿಮಗೆ ಗುಟ್ಟಾಗಿ ಹೇಳಿಬಿಡುತ್ತೇನೆ. ಕಳೆದ ಗೋಕುಲಾಷ್ಟಮಿಯಂದು ಹೆಂಡತಿ ಸುಮಿತ್ರಾ ಉಪವಾಸವಿದ್ದು, ಮಡಿಯುಟ್ಟು, ನೈವೇದ್ಯಕ್ಕೆ ಕೋಡುಬಳೆ ಕರಿದು ಡಬ್ಬಿಯಲ್ಲಿಟ್ಟು ಸ್ವಲ್ಪ ಒರಗಿದ್ದಳು. ಕೃಷ್ಣನಿಗಿಂತ ಮೊದಲು ಆ ಡಬ್ಬಿಗೆ ಕೈ ಹಾಕಿದವನು ನಾನು. ಎದ್ದು ಬಂದವಳಿಗೆ ಕಂಡದ್ದು ಓರೆಯಾದ ಮುಚ್ಚಳ, ಹೊಸ್ತಿಲಲ್ಲಿ ಉದುರಿದ ಪುಡಿ, ಪಕ್ಕದಲ್ಲೇ ತೂಕಡಿಸುತ್ತ ಕೂತಿದ್ದ ನನ್ನ ಅಮ್ಮ. ನೀವೇನಾದರೂ ಮುಟ್ಟಿದಿರಾ ಎಂದು ಅತ್ತೆಯನ್ನು ಕೇಳಿದಳು. ಎಂಬತ್ತು ದಾಟಿದ ಅಮ್ಮ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ನಾನು ವರಾಂಡದಲ್ಲಿ ಪೇಪರು ಓದುತ್ತಿದ್ದೆ. ಮುಟ್ಟಿದ್ದು ದೇವರಿಗೆ ಆಗದೆಂದು ಸುಮಿತ್ರಾ ಹಸಿದ ಹೊಟ್ಟೆಯಲ್ಲೇ ಮತ್ತೆ ಹಿಟ್ಟು ಕಲಸಿದಳು. ಅಂದಿನಿಂದ ಅಮ್ಮ ಅಡುಗೆಮನೆಯೊಳಗೆ ಕಾಲಿಟ್ಟಿಲ್ಲ. ಅತ್ತೆ ಸೊಸೆಯರ ನಡುವೆ ಕಾಫಿ ಬೇಕೇ, ಸಾಕು ಎನ್ನುವಷ್ಟೇ ಮಾತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ನಾನು ದಿನ ತಳ್ಳಿದೆ. ಹೊತ್ತು ಮೀರಿದರೆ ಹಿಟ್ಟಿನ ಹಾಗೆ ಸತ್ಯವೂ ಹುಳಿ ಬರುತ್ತದೆ.

ನಾಟಕದ ಕಥೆ ಸರಳ. ಅರಮನೆಯ ಹಾರ ಕದ್ದ ಆರೋಪ ಒಬ್ಬ ಸಜ್ಜನ ವರ್ತಕನ ಮೇಲೆ ಬಂದಿದೆ. ನಿಜವಾಗಿ ಕದ್ದವನು ಅವನ ಗೆಳೆಯ. ಹೆಸರು ಹೇಳಿದರೆ ಗೆಳೆಯನ ತಲೆ ಹೋಗುತ್ತದೆಂದು ವರ್ತಕ ಕಟಕಟೆಯಲ್ಲಿ ಬಾಯಿ ಬಿಡುವುದಿಲ್ಲ. ಆ ಮೌನದ ಹಿರಿಮೆಯನ್ನು ನಾನು ಎಷ್ಟು ಚೆನ್ನಾಗಿ ಬಣ್ಣಿಸಿದೆನೆಂದರೆ ನನಗೆ ನಾನೇ ತಲೆದೂಗಿದೆ. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮನೂ ಕೈ ನಿಲ್ಲಿಸಿ ಕೇಳಿದರು. ತೇಜಸ್ ಮಾತ್ರ ಆ ಕಾಲದಲ್ಲಿ ಜಾಮೀನು ಇತ್ತೇ ಎಂದು ವಿಚಾರಿಸಿದ. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಹಾಗಾದರೆ ಇವನೇ ಒಪ್ಪಿಕೊಂಡ ಹಾಗಾಗಲಿಲ್ಲವೇ ಎಂದು ಮೇಘನಾ ತಗಾದೆ ತೆಗೆದಳು. ಎರಡಕ್ಕೂ ಉತ್ತರ ಕೊಟ್ಟು ಮೀಸೆ ತಿರುವಿದೆ.

ಆಗ ತೇಜಸ್ ಪೆನ್ನು ಕಚ್ಚುತ್ತ ಕೇಳಿದ: "ಅಂಕಲ್, ಇಷ್ಟೆಲ್ಲ ನಡೀತಿರೋವಾಗ ಆ ಫ್ರೆಂಡ್ ಎಲ್ಲಿದ್ದ?"

ಪುಟ ತಿರುವಿದೆ. ಎಲ್ಲಿಯೂ ಬರೆದಿರಲಿಲ್ಲ. ಇಷ್ಟು ವರ್ಷ ಕೋರ್ಟಿನಲ್ಲಿದ್ದೂ ಕಟಕಟೆಯಲ್ಲಿ ನಿಂತವನನ್ನು ಬಿಟ್ಟು ಬೇರೆಯವನ ಬಗ್ಗೆ ನಾನು ಯೋಚಿಸಿದವನೇ ಅಲ್ಲ. ಅವನು ಜನರ ನಡುವೆ ನಿಂತು ನೋಡುತ್ತಿದ್ದನೇ, ಊಟ ಸೇರುತ್ತಿತ್ತೇ, ನಿದ್ದೆ ಬರುತ್ತಿತ್ತೇ ಎಂದು ಮಕ್ಕಳಿಬ್ಬರೂ ಬಿಡದೆ ಕೆದಕತೊಡಗಿದರು.

"ಏನ್ಮಾಡ್ತಿದ್ದ ಅಪ್ಪ ಅವನು?" ಎಂದಳು ಮೇಘನಾ.

"ಪೇಪರ್ ಓದ್ತಿದ್ದ," ಎಂದುಬಿಟ್ಟೆ.

ಅಷ್ಟು ಹಳೆಯ ಕಾಲದಲ್ಲಿ ಪೇಪರೇ ಎಂದು ತೇಜಸ್ ನಕ್ಕ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಸುಮಿತ್ರಾ ನಗಲಿಲ್ಲ, ನನ್ನ ಮುಖವನ್ನೇ ನೋಡಿದಳು. ಅಷ್ಟೇ ಸಾಕಾಯಿತು. ಡಬ್ಬಿ, ಮುಚ್ಚಳ, ಪುಡಿ ಎಲ್ಲವನ್ನೂ ಒಪ್ಪಿಕೊಂಡೆ. ಹೇಳುವಾಗ ನಾಚಿಕೆಯಾಯಿತು. ಆದರೂ ಅಮ್ಮನ ಕಡೆ ತಿರುಗಿದಾಗ ಒಳಗೊಳಗೇ ಒಂದು ಹೆಮ್ಮೆ. ಮಗನನ್ನು ಕಾಪಾಡಲು ಇಷ್ಟು ತಿಂಗಳು ಆಪಾದನೆ ಹೊತ್ತ ತಾಯಿಯಲ್ಲವೇ.

ಅಮ್ಮ ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟರು. "ಪಾಪ, ನಮ್ ಮೇಘನಾ ಹಸ್ಕೊಂಡು ತಿಂದಿದಾಳೆ ಅಂತ ನಾನು ಬಾಯ್ಮುಚ್ಕೊಂಡಿದ್ದೆ ಕಣೋ. ನೀನು ಅಂತ ಗೊತ್ತಿದ್ದಿದ್ರೆ ಆವತ್ತೇ ಹೇಳ್ಬಿಡ್ತಿದ್ದೆ."

ಮೇಘನಾ ಎದ್ದು ಹೋಗಿ ಅಜ್ಜಿಯನ್ನು ತಬ್ಬಿಕೊಂಡಳು. ಸುಮಿತ್ರಾ ಕಾಫಿ ಲೋಟ ಕೆಳಗಿಟ್ಟಳು. ಅತ್ತೆಯ ಹತ್ತಿರ ಬಂದು, ತಪ್ಪಾಯಿತು, ಸಾರಿಗೆ ನೀವೇ ಬಂದು ಒಗ್ಗರಣೆ ಹಾಕಬೇಕು ಎಂದು ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಒಳಗೆ ಹೋದರು. ಸಾಸಿವೆ ಸಿಡಿದ ಸದ್ದಿನ ಹಿಂದೆಯೇ ಮಾತು, ಮಾತಿನ ಹಿಂದೆ ನಗು. ಎಷ್ಟೋ ತಿಂಗಳ ಮೇಲೆ ಅವರು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದರು. ಆ ವಿಷಯ ನಾನೇ ಆಗಿದ್ದರಿಂದ, ನಡುವೆ ಬಾಯಿ ಹಾಕದೆ ಕೇಳಿಸಿಕೊಂಡು ಕೂತೆ.